ಲೋಟ-ಡವರ, ಪಾವು, ಪಡ್ಡಿನ ಹಂಚು: ಹಳೇ ಪಾತ್ರೆಗಳಲ್ಲಿ ಮೇಣದಬತ್ತಿ

ಹಳೇ ಪಾತ್ರೆಯಲ್ಲಿ ಮೇಣದಬತ್ತಿ ಮಾಡುವಾಗ ಎಡವಟ್ಟಾಗುವುದು ಬಹುತೇಕ ಮೇಣದಿಂದಲ್ಲ, ಪಾತ್ರೆಯಿಂದ. ಬತ್ತಿ ಮಾರುವವರ ಅಳತೆಪಟ್ಟಿ, ಮೇಣದ ಪೊಟ್ಟಣದ ಮೇಲಿನ ಸೂಚನೆ ಎಲ್ಲವೂ ನೆಟ್ಟಗಿನ ಗೋಡೆಯ ಗಾಜಿನ ಲೋಟಕ್ಕೆಂದು ಬರೆದವು. ಹಿತ್ತಾಳೆ ಲೋಟದ ಗೋಡೆ ಬಿಸಿಯನ್ನು ಸುತ್ತಲೂ ಹಂಚಿಬಿಡುತ್ತದೆ. ಅಕ್ಕಿ ಅಳೆಯುವ ತಗಡಿನ ಪಾವು ಸಂದಿಯಲ್ಲಿ ಜಿನುಗುತ್ತದೆ. ಪಿಂಗಾಣಿ ಕಪ್ಪು ಕಣ್ಣಿಗೆ ಬೀಳದ ಕೂದಲು ಬಿರುಕಿನಲ್ಲಿ ಕೈಕೊಡುತ್ತದೆ. ಆದ್ದರಿಂದ ಇಲ್ಲಿ ಕೆಲಸದ ಕ್ರಮ ಒಂದೇ: ಪಾತ್ರೆ ನೋಡಿ ಮೇಣ, ಎರಡನ್ನೂ ನೋಡಿ ಬತ್ತಿ. ಮೊದಲೇ ಮೇಣ ತಂದಿಟ್ಟುಕೊಂಡು ಆಮೇಲೆ ಅಟ್ಟ ಹತ್ತುವುದು ತಿರುಗುಮುರುಗು.

ಕೆಳಗೆ ನಾಲ್ಕು ಪಾತ್ರೆಗಳ ಕೆಲಸ ಇದೆ: ಹಿತ್ತಾಳೆಯ ಕಾಫಿ ಲೋಟ-ಡವರ, ಕಬ್ಬಿಣದ ಪಾವು, ಪಿಂಗಾಣಿ ಕಪ್ಪು-ಬಸಿ, ಪಡ್ಡಿನ ಹಂಚು. ಮೊದಲ ಮೂರರಲ್ಲಿ ಮೇಣ ಪಾತ್ರೆಯಲ್ಲೇ ಉಳಿದು ಉರಿಯುತ್ತದೆ. ಹಂಚು ಬರೀ ಅಚ್ಚು.

ಆಗುವ ಪಾತ್ರೆ, ಆಗದ ಪಾತ್ರೆ

ಬಾಯಿ ಹೊಟ್ಟೆಗಿಂತ ಕಿರಿದಾಗಿದ್ದರೆ ಆ ಪಾತ್ರೆಯನ್ನು ಮುಲಾಜಿಲ್ಲದೆ ಬದಿಗಿಡಿ. ಚೊಂಬು, ಕತ್ತಿನ ಉಪ್ಪಿನಕಾಯಿ ಜಾಡಿ, ಹಾರ್ಲಿಕ್ಸ್ ಬಾಟಲಿ ಎಲ್ಲ ಇದೇ ಜಾತಿ. ಮೇಣ ಇಳಿದಂತೆ ಜ್ವಾಲೆ ಒಳಗೆ ಇಳಿಯುತ್ತದೆ, ಕತ್ತಿನಲ್ಲಿ ಗಾಳಿ ಸಾಲದೆ ಮಸಿ ಕಕ್ಕುತ್ತದೆ, ಬಿಸಿ ಹೊರಗೆ ಹೋಗದೆ ಕತ್ತೇ ಕಾಯುತ್ತದೆ. ಗಾಜಾದರೆ ಒಡೆಯುವುದೂ ಅಲ್ಲೇ. ಉಪ್ಪಿನಕಾಯಿ ಜಾಡಿಗೆ ಇನ್ನೊಂದು ತೊಂದರೆ ಇದೆ. ಮೆರುಗು ಸೀಳಿದ ಕಡೆಯಲ್ಲೆಲ್ಲ ವರ್ಷಗಳ ಉಪ್ಪು, ಎಣ್ಣೆ, ಇಂಗಿನ ವಾಸನೆ ಕೂತಿರುತ್ತದೆ, ಯಾವ ಮಲ್ಲಿಗೆ ಸುಗಂಧ ಹಾಕಿದರೂ ಅದು ಮೇಲೇಳುತ್ತದೆ.

ಚಹಾ ಅಂಗಡಿಯ ಗೀರು ಗ್ಲಾಸು ನೋಡಲು ಚೆಂದ. ಆದರೆ ಅದು ಒಲೆಯ ಬಿಸಿಗೆಂದು ಮಾಡಿದ ಗಾಜಲ್ಲ, ಗೋಡೆಯ ದಪ್ಪವೂ ಒಂದೇ ಸಮ ಇರುವುದಿಲ್ಲ. ದಪ್ಪ ತೆಳು ಸೇರುವ ಕಡೆ ಬಿಸಿಗೆ ಸೀಳುತ್ತದೆ. ಕಾಲಿರುವ ಗಾಜಿನ ಬಟ್ಟಲು ಬೇಡವೇ ಬೇಡ. ಎನಾಮೆಲ್ ಮಗ್ಗು ಒಳಗೆ ಚಕ್ಕೆ ಎದ್ದಿರದಿದ್ದರೆ ಆಗಬಹುದು. ಕಾಫಿ ಫಿಲ್ಟರಿನ ಕೆಳಗಿನ ಅರ್ಧ ಬಲು ಒಳ್ಳೆಯ ಪಾತ್ರೆ: ನೆಟ್ಟಗಿನ ಗೋಡೆ, ಚಪ್ಪಟೆ ತಳ, ಬೆಸುಗೆ ಇಲ್ಲ, ಮೇಲೆ ಮುಚ್ಚಲು ಅದರದ್ದೇ ಮುಚ್ಚಳ. ತೂತುಗಳಿರುವ ಮೇಲಿನ ಅರ್ಧವನ್ನೂ ಎಸೆಯಬೇಡಿ, ಹಳೇ ಮೇಣ ಕರಗಿಸಿ ಕಸ ಸೋಸಲು ಬರುತ್ತದೆ.

ಒಮ್ಮೆ ಮೇಣ ಹೊಯ್ದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು. ಸುಗಂಧದ ಎಣ್ಣೆ, ಬಣ್ಣ, ಹಳೇ ಬೆಸುಗೆಯ ಸೀಸ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಇನ್ನೂ ಯಾರಾದರೂ ಆಸೆ ಇಟ್ಟುಕೊಂಡಿರುವ ಪಾತ್ರೆಯಾದರೆ ಮೊದಲು ಕೇಳಿ.

ನೀರು ನಿಂತರೆ ಮೇಣ ನಿಲ್ಲುತ್ತದೆ ಎಂದೇನಿಲ್ಲ

ಪಾತ್ರೆಗೆ ತಣ್ಣೀರು ತುಂಬಿ, ಸೋರಲಿಲ್ಲ ಎಂದು ಮೇಣ ಹೊಯ್ಯುವುದು ಎಲ್ಲರೂ ಮಾಡುವ ಪರೀಕ್ಷೆ. ಸಾಲದು. ಕರಗಿದ ಮೇಣದ ಮೇಲ್ಮೈ ಸೆಳೆತ ನೀರಿನ ಅರ್ಧಕ್ಕಿಂತ ಕಡಿಮೆ, ನೀರು ನುಗ್ಗಲಾರದ ಸಂದಿಗೂ ಅದು ನುಗ್ಗುತ್ತದೆ. ಅದಕ್ಕೆ 75-80 ಡಿಗ್ರಿ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ ತುಂಬಿ, ಹಳೇ ಪೇಪರಿನ ಮೇಲೆ ಒಂದು ರಾತ್ರಿ ಬಿಡಿ. ಲಿಕ್ವಿಡ್ ನೀರಿನ ಸೆಳೆತ ಇಳಿಸುತ್ತದೆ, ಆಗ ನೀರು ಹೆಚ್ಚುಕಡಿಮೆ ಮೇಣದಂತೆಯೇ ಸಂದಿಗೆ ಹೋಗುತ್ತದೆ. ಬೆಳಿಗ್ಗೆ ಪೇಪರಿನಲ್ಲಿ ಉಂಗುರದ ಗುರುತು ಕಂಡರೆ ಪಾತ್ರೆ ಸೋರುತ್ತಿದೆ. ಪಿಂಗಾಣಿಗೆ ಮಾತ್ರ ಒಮ್ಮೆಲೇ ಬಿಸಿನೀರು ಹೊಯ್ಯಬೇಡಿ. ಉಗುರುಬೆಚ್ಚಗಿನದರಿಂದ ಶುರುಮಾಡಿ ಎರಡು ಮೂರು ಹಂತದಲ್ಲಿ ಬಿಸಿ ಏರಿಸಿ.

ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಅಥವಾ ಪೀತಾಂಬರಿ ಹಾಕಿ ಉಜ್ಜಬಹುದು. ಒಳಭಾಗವನ್ನು ಕೊನೆಗೆ ಸೋಪಿನಲ್ಲಿ ತೊಳೆದು ಹುಳಿಯ ಅಂಶ ಉಳಿಯದಂತೆ ನೋಡಿ. ಆಮೇಲೆ ಒಣಗಿಸುವುದು ಮುಖ್ಯ. ಕಂಠದ ಮಡಿಕೆಯೊಳಗೆ, ತಳದ ಅಂಚಿನಲ್ಲಿ ಒಂದೇ ಹನಿ ನೀರು ಉಳಿದರೂ ಮೇಣದೊಳಗೆ ಸೇರಿ, ಉರಿಯುವಾಗ ಚಟಪಟ ಸಿಡಿಯುತ್ತದೆ. ಅರ್ಧ ದಿನ ಬಿಸಿಲು, ಮಳೆಗಾಲವಾದರೆ ಒಲೆಯ ಪಕ್ಕ ಬೋರಲು.

ಈಗ ಪಾತ್ರೆಯನ್ನು ಅಳೆಯಿರಿ. ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಕಂಠದಿಂದ 1 ಸೆಂ.ಮೀ. ಕೆಳಗಿನವರೆಗೆ ನೀರು ತುಂಬಿ ತೂಕ ಬರೆದುಕೊಳ್ಳಿ. ಆ ಗ್ರಾಮನ್ನು ಪೆಟ್ರೋಲಿಯಂನಿಂದ ಬರುವ ಪ್ಯಾರಾಫಿನ್ ಮೇಣವಾದರೆ 0.9ರಿಂದ, ಸೋಯಾ ಎಣ್ಣೆಯಿಂದ ಮಾಡಿದ ಮೇಣವಾದರೆ 0.86ರಿಂದ ಗುಣಿಸಿದರೆ, ಸುಗಂಧವೂ ಸೇರಿ ಬೇಕಾದ ಒಟ್ಟು ತೂಕ ಸಿಗುತ್ತದೆ. ಕಪ್ಪಿನ ಲೆಕ್ಕ, ಚಮಚದ ಲೆಕ್ಕ ಬೇಡ. ಪುಡಿ ಮೇಣ ಅಳತೆ ಲೋಟದಲ್ಲಿ ಅರ್ಧ ಗಾಳಿಯೇ ಇರುತ್ತದೆ.

ಕರಗಿಸಲು ಹಾಲಿನ ಕುಕ್ಕರ್

ಸೀಟಿ ಹೊಡೆಯುವ ಹಳೇ ಹಾಲಿನ ಕುಕ್ಕರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗೋಡೆ ಎರಡು ಪದರ, ನಡುವೆ ನೀರು, ಹಾಗಾಗಿ ಒಳಗಿನ ಮೇಣ 100 ಡಿಗ್ರಿ ದಾಟುವ ದಾರಿಯೇ ಇಲ್ಲ. ಪಾತ್ರೆಯೊಳಗೆ ಪಾತ್ರೆ ಇಟ್ಟು ಒದ್ದಾಡುವುದೂ ತಪ್ಪುತ್ತದೆ. ಮೂತಿಯಿಂದ ನೀರು ತುಂಬಿ ಸೀಟಿ ಹಾಕಿ, ಸಣ್ಣ ಉರಿ. ಸೀಟಿ ಶುರುವಾಯಿತೆಂದರೆ ನೀರು ಕುದಿಯುತ್ತಿದೆ, ಉರಿ ಇನ್ನೂ ಇಳಿಸಿ. ಕೂಗುತ್ತಿದ್ದ ಸೀಟಿ ಉರಿ ಇಳಿಸದೆಯೂ ತಾನೇ ನಿಂತರೆ ನೀರು ಮುಗಿದಿದೆ, ತಕ್ಷಣ ಒಲೆ ಆರಿಸಿ. ಅಲ್ಲಿಂದ ಮುಂದೆ ಮೇಣಕ್ಕೆ ನೇರ ಬೆಂಕಿ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಗೆ ಬರುವುದಿಲ್ಲ.

ಮೇಣ ಕುದಿಯುವುದಿಲ್ಲ, ಗುಳ್ಳೆ ಕಾಣುವುದಿಲ್ಲ, ಸುಮ್ಮನೆ ಬಿಸಿಯಾಗುತ್ತಲೇ ಹೋಗುತ್ತದೆ. ನೇರ ಬೆಂಕಿಯಲ್ಲಿ 200 ಡಿಗ್ರಿ ಹತ್ತಿರ ಹೋದರೆ ಅದರ ಆವಿ ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಹಾಗೇ ಬಿಡಿ. ನೀರು ಹಾಕಲೇಬಾರದು. ನೀರು ಮೇಣದಡಿಗೆ ಇಳಿದು ಕ್ಷಣದಲ್ಲಿ ಹಬೆಯಾಗಿ, ಉರಿಯುವ ಮೇಣವನ್ನು ಸೂರಿನವರೆಗೆ ಎರಚುತ್ತದೆ. ಸರಿಹೊಂದುವ ಮುಚ್ಚಳ ಕೈಗೆಟುಕುವಲ್ಲಿ ಇಟ್ಟುಕೊಂಡೇ ಒಲೆ ಹಚ್ಚಿ.

ಉಷ್ಣತೆಗೆ ಕಡ್ಡಿಯಂತೆ ಅದ್ದುವ ಡಿಜಿಟಲ್ ಥರ್ಮಾಮೀಟರ್ ಸಾಕು. ಗನ್ ಥರ್ಮಾಮೀಟರ್ ಹಿತ್ತಾಳೆಯ ಹೊಳಪಿನ ಮೇಲೆ ಸುಳ್ಳು ಹೇಳುತ್ತದೆ. 70 ಡಿಗ್ರಿಯ ಲೋಟವನ್ನು 35 ಎಂದು ತೋರಿಸಿದರೂ ಆಶ್ಚರ್ಯವಿಲ್ಲ. ಅದರಲ್ಲೇ ಅಳೆಯಬೇಕೆಂದರೆ ಲೋಟಕ್ಕೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಗುರಿಯಿಡಿ.

ಹಿತ್ತಾಳೆ ಲೋಟ-ಡವರ

ಲೋಟದ ಒಳಗೆ ಮೊದಲು ಇಣುಕಿ. ಬೆಳ್ಳಗೆ ಮಂಕಾಗಿದ್ದರೆ ಕಲಾಯಿ ಇದೆ, ಹೊರಗಿನಂತೆಯೇ ಹಳದಿಯಾಗಿದ್ದರೆ ಇಲ್ಲ. ಮೇಣ ಯಾವುದು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಬರುವುದು ಎಲ್ಲರಿಗೂ ಗೊತ್ತು. ಸೋಯಾ ಮೇಣ, ಜೇನುಮೇಣ ಎರಡರಲ್ಲೂ ಕೊಬ್ಬಿನ ಆಮ್ಲಗಳಿವೆ, ಅವು ತಾಮ್ರದೊಂದಿಗೆ ಸೇರಿ ಅದೇ ಕೆಲಸ ಮಾಡುತ್ತವೆ. ಕೆಲವು ವಾರಗಳಲ್ಲಿ ಗೋಡೆಯ ಸುತ್ತ ಹಸಿರು ಗೆರೆ, ಆಮೇಲೆ ಮೇಣವೇ ತಿಳಿಹಸಿರು. ಉರಿಯಲು ಅಡ್ಡಿಯಾಗದಿದ್ದರೂ ಚೆಂದದ ಬಿಳಿ ಮೇಣ ಹಾಳು. ಪ್ಯಾರಾಫಿನ್‌ನಲ್ಲಿ ಆ ಆಮ್ಲಗಳಿಲ್ಲ. ಆದ್ದರಿಂದ ಕಲಾಯಿ ಇಲ್ಲದ್ದಕ್ಕೆ ಪ್ಯಾರಾಫಿನ್, ಕಲಾಯಿ ಇದ್ದರೆ ಯಾವುದಾದರೂ ಸರಿ. ಮೇಣ ಗಟ್ಟಿಯಾಗಲೆಂದು ಬೆರೆಸುವ ಸ್ಟಿಯರಿಕ್ ಆಮ್ಲವನ್ನೂ ಕಲಾಯಿ ಇಲ್ಲದ ಪಾತ್ರೆಗೆ ಹಾಕಬೇಡಿ, ಕಾರಣ ಅದೇ.

58-60 ಡಿಗ್ರಿಗೆ ಕರಗುವ ಬಿಳಿ ಪ್ಯಾರಾಫಿನ್ ಹಲಗೆ ಸುಲಭವಾಗಿ ಸಿಗುತ್ತದೆ. ಬರೀ ಅದನ್ನೇ ಹೊಯ್ದರೆ ಆರುವಾಗ ತುಂಬಾ ಕುಗ್ಗಿ ಗೋಡೆ ಬಿಡುತ್ತದೆ. ಹತ್ತಕ್ಕೆ ಒಂದು ಪಾಲು ವ್ಯಾಸಲೀನ್ ಬೆರೆಸಿದರೆ ಮೇಣ ಮೆತ್ತಗಾಗಿ ಲೋಟಕ್ಕೆ ಅಂಟಿಕೊಳ್ಳುತ್ತದೆ, ಸುಗಂಧವನ್ನೂ ಹಿಡಿದಿಡುತ್ತದೆ. ಸುಗಂಧವಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು.

130 ಗ್ರಾಂ ನೀರು ಹಿಡಿದ ಲೋಟಕ್ಕೆ ಲೆಕ್ಕ ಹೀಗೆ: ಪ್ಯಾರಾಫಿನ್ 102 ಗ್ರಾಂ, ಜೆಲ್ಲಿ 11 ಗ್ರಾಂ, ಮೇಣದಬತ್ತಿಗೆಂದೇ ಮಾರುವ ಸುಗಂಧ ಎಣ್ಣೆ 4ರಿಂದ 5 ಗ್ರಾಂ. ಸುಗಂಧ ಹೆಚ್ಚಾದರೆ ಪ್ಯಾರಾಫಿನ್ ಅದನ್ನು ಹಿಡಿಯಲಾರದೆ ಮೇಲೆ ಬೆವರುತ್ತದೆ. ಬೆವರಿದ ಎಣ್ಣೆ ಬತ್ತಿಯ ಬುಡದಲ್ಲಿ ನಿಂತರೆ ಹಚ್ಚಿದ ಕೂಡಲೇ ಜ್ವಾಲೆ ಎದ್ದುಬಿಡುತ್ತದೆ. ಮೈಗೆ ಹಚ್ಚುವ ಸೆಂಟಿನಲ್ಲಿ ಸ್ಪಿರಿಟ್ ಇರುತ್ತದೆ, ಹಾಕಬಾರದು. ಕರ್ಪೂರವೂ ಬೇಡ, ಮಸಿ ಹೇಳತೀರದು. ಬಣ್ಣ ಬೇಕಿದ್ದರೆ ಎಣ್ಣೆಯಲ್ಲಿ ಕರಗುವ ಮೇಣದ ಬಣ್ಣ ಮಾತ್ರ. ಕುಂಕುಮ, ಅರಿಸಿನ, ಮಕ್ಕಳ ಕ್ರೇಯಾನ್ ಎಲ್ಲದರ ಕಣಗಳು ಬತ್ತಿಯ ನೂಲಿನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆಯಲ್ಲಿ ದೀಪ ಸಾಯುತ್ತದೆ.

ಬತ್ತಿಯ ತಳದಲ್ಲಿ ತಗಡಿನ ಬಿಲ್ಲೆ ಇರುತ್ತದಲ್ಲ, ಅದರ ಕುತ್ತಿಗೆ 6ರಿಂದ 9 ಮಿ.ಮೀ. ಎತ್ತರ ಇರುವುದನ್ನೇ ಕೇಳಿ ತನ್ನಿ. ಮೇಣ ಆ ಮಟ್ಟಕ್ಕೆ ಇಳಿದಾಗ ಬತ್ತಿಗೆ ಮೇಣ ಸಿಗದೆ ದೀಪ ತಾನಾಗಿ ಆರುತ್ತದೆ, ಜ್ವಾಲೆ ತಳಕ್ಕೆ ತಾಗುವುದಿಲ್ಲ. ಕಲಾಯಿಯ ತವರ 232 ಡಿಗ್ರಿಗೆ ಕರಗುವಂಥದ್ದು, ಹಳೇ ಬೆಸುಗೆ ಅದಕ್ಕೂ ಮೊದಲೇ. ಹಾಗಾಗಿ ಲೋಹದ ಪಾತ್ರೆಯಲ್ಲಿ ಈ ಕುತ್ತಿಗೆ ಅಲಂಕಾರಕ್ಕಲ್ಲ. ಬಿಲ್ಲೆಯನ್ನು ತಳದ ನಡುವೆ ಬಿಸಿ ತಾಳುವ ಸಿಲಿಕೋನ್‌ನಿಂದ ಅಂಟಿಸಿ. ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಗ್ಯಾಸ್ಕೆಟ್‌ಗೆಂದು ಮಾರುವ ಆರ್‌ಟಿವಿ ಸಿಲಿಕೋನ್ ಟ್ಯೂಬೇ ಆದೀತು, 24 ಗಂಟೆ ಒಣಗಲು ಬಿಡಿ. ಮೇಣದ ಹನಿಯಿಂದಲೇ ಅಂಟಿಸಿದರೆ ಕೊನೆಯಲ್ಲಿ ಆ ಹನಿ ಕರಗಿ, ಉರಿಯುವ ಬತ್ತಿ ಜಾರಿಕೊಂಡು ಗೋಡೆಗೆ ಒರಗುತ್ತದೆ.

ಹೊಯ್ಯುವ ದಿನ ಲೋಟವನ್ನು 45-50 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣನೆಯ ಹಿತ್ತಾಳೆ ಮುಟ್ಟಿದೊಡನೆ ಮೇಣ ಹೆಪ್ಪಾಗಿ ಪದರ ಪದರವಾಗುತ್ತದೆ. ಮೇಣವನ್ನು 80ಕ್ಕೆ ಏರಿಸಿ, ಒಲೆ ಆರಿಸಿ, ಸುಗಂಧ ಹಾಕಿ ಎರಡು ನಿಮಿಷ ನಿಧಾನ ತಿರುವಿ. ರಭಸವಾಗಿ ತಿರುವಿದರೆ ಗಾಳಿ ಸೇರುತ್ತದೆ. 70ಕ್ಕೆ ಇಳಿದಾಗ ಸಣ್ಣ ಧಾರೆಯಲ್ಲಿ ಹೊಯ್ದು, ಹತ್ತು ಹದಿನೈದು ಗ್ರಾಂ ಮೇಣವನ್ನು ಕುಕ್ಕರಿನಲ್ಲೇ ಉಳಿಸಿಕೊಳ್ಳಿ. ಬತ್ತಿಯನ್ನು ಐಸ್‌ಕ್ರೀಮ್ ಕಡ್ಡಿಯ ತೂತಿಗೆ ಪೋಣಿಸಿ ಕಂಠದ ಮೇಲೆ ಅಡ್ಡ ಇಟ್ಟರೆ ನೇರ ನಿಲ್ಲುತ್ತದೆ.

ಸುಮಾರು ಒಂದು ಗಂಟೆಯಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಒಳಗೆ ಇನ್ನೂ ಬಿಸಿ, ಅದು ಕುಗ್ಗುತ್ತಿದೆ. ಈ ಹೊತ್ತಿಗೆ ಬಿದಿರು ಕಡ್ಡಿಯಿಂದ ಬತ್ತಿಯ ಸುತ್ತ ಮೂರು ನಾಲ್ಕು ತೂತು, ತಳಕ್ಕೆ ಸ್ವಲ್ಪ ಮೇಲಿನವರೆಗೆ ಚುಚ್ಚಿ. ಚುಚ್ಚದಿದ್ದರೆ ಮೇಲ್ಭಾಗ ಸಪಾಟಾಗಿ ಕಂಡರೂ ಬತ್ತಿಯ ಪಕ್ಕದಲ್ಲೇ ಒಳಗೊಂದು ಪೊಳ್ಳು ಉಳಿಯುತ್ತದೆ. ಉರಿಯುತ್ತಾ ಅಲ್ಲಿಗೆ ಬಂದಾಗ ಕರಗಿದ ಮೇಣವೆಲ್ಲ ಒಮ್ಮೆಲೇ ಇಳಿದು, ಬೋಳಾದ ಬತ್ತಿ ಧಗ್ಗನೆ ಉರಿಯುತ್ತದೆ. ಪೂರ್ತಿ ಆರಿದ ಮೇಲೆ ಉಳಿಸಿದ ಮೇಣವನ್ನು 75ಕ್ಕೆ ಕಾಯಿಸಿ ಕುಳಿ ತುಂಬಿ. ಎರಡನೇ ಸಲದ್ದು ಮೊದಲಿಗಿಂತ ಐದು ಡಿಗ್ರಿ ಹೆಚ್ಚಿರಲಿ, ಕಡಿಮೆಯಾದರೆ ಹಪ್ಪಳದಂತೆ ಬೇರೆಯೇ ನಿಲ್ಲುತ್ತದೆ. ಮೊದಲ ಮಟ್ಟಕ್ಕಿಂತ ಮೇಲೆ ಹೋಗದಂತೆ ಹೊಯ್ಯಿರಿ.

ಡವರವನ್ನು ಬೇರೆ ಮೇಣದಬತ್ತಿ ಮಾಡುವ ಬದಲು ಲೋಟದ ಅಡಿಗೇ ಇಡುವುದು ವಾಸಿ. ಡವರದಲ್ಲಿ ಒಣ ಮರಳು 1 ಸೆಂ.ಮೀ. ಹರಡಿ ಅದರ ಮೇಲೆ ಲೋಟ. ಹಿತ್ತಾಳೆಯ ತಳ ಕೊನೆಯ ಹೊತ್ತಿಗೆ ಚೆನ್ನಾಗಿ ಕಾಯುತ್ತದೆ, ಪಾಲಿಶ್ ಮಾಡಿದ ಮೇಜಿನ ಮೇಲೆ ನೇರ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಉಕ್ಕಿದ ಮೇಣವೂ ಮರಳಿನಲ್ಲೇ ನಿಲ್ಲುತ್ತದೆ.

ಬತ್ತಿ

ದೇವರ ದೀಪದ ಹೂಬತ್ತಿ, ಹೊಸೆದ ಹತ್ತಿಬತ್ತಿ ಮೇಣಕ್ಕೆ ಆಗುವುದಿಲ್ಲ. ಎಣ್ಣೆ ದೀಪದಲ್ಲಿ ತುದಿ ಕರಿಕಟ್ಟಿದರೆ ನಾವು ಕಡ್ಡಿಯಿಂದ ಮೀಟಿ ಮುಂದೆ ತಳ್ಳುತ್ತೇವೆ. ಮೇಣದಬತ್ತಿಯಲ್ಲಿ ಆ ಕೆಲಸವನ್ನು ಬತ್ತಿಯೇ ಮಾಡಿಕೊಳ್ಳಬೇಕು. ಜಡೆಯಂತೆ ಚಪ್ಪಟೆಯಾಗಿ ಹೆಣೆದ ಬತ್ತಿ ಉರಿಯುತ್ತಾ ಒಂದು ಕಡೆ ಬಾಗುತ್ತದೆ, ತುದಿ ಜ್ವಾಲೆಯ ಹೊರ ಅಂಚಿಗೆ ಬಂದು ಬೂದಿಯಾಗಿ ಹೋಗುತ್ತದೆ. 1825ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಈ ಹೆಣೆದ ಬತ್ತಿ ತಂದದ್ದು. ಅದಕ್ಕೂ ಮೊದಲು ಮೇಣದಬತ್ತಿಯ ತುದಿ ಕತ್ತರಿಸುತ್ತಲೇ ಇರಬೇಕಿತ್ತು, ಅದಕ್ಕೆಂದೇ ಬೇರೆ ಕತ್ತರಿ ಇತ್ತು.

ಅಂಗಡಿಯಲ್ಲಿ ಬತ್ತಿ ನೂಲಿನ ಎಳೆಗಳ ಲೆಕ್ಕದಲ್ಲೋ ತಯಾರಕರ ಸಂಖ್ಯೆಯಲ್ಲೋ ಸಿಗುತ್ತದೆ. ಬೇರೆ ಬೇರೆ ತಯಾರಕರ ಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ. ಪಾತ್ರೆಯ ಅಗಲಕ್ಕೆ ಪಟ್ಟಿ ಹೇಳುವ ಅಳತೆ, ಅದಕ್ಕಿಂತ ಒಂದು ಸಣ್ಣದು, ಒಂದು ದೊಡ್ಡದು, ಹೀಗೆ ಮೂರು ತನ್ನಿ. ಲೋಹದ ಪಾತ್ರೆಗೆ ಸಣ್ಣದರಿಂದ ಪರೀಕ್ಷೆ ಶುರುಮಾಡಿ, ಗೋಡೆಯೇ ಬಿಸಿ ಒಯ್ದು ಅಂಚಿನ ಮೇಣ ಕರಗಿಸುವುದರಿಂದ ಬಹಳ ಸಲ ಅದೇ ಸಾಕಾಗುತ್ತದೆ. ಬಾಯಿ ಅಗಲ, ತಳ ಕಿರಿದಾದ ಪಾತ್ರೆಯಲ್ಲಿ ಬಾಯಿಯನ್ನು ಅಳೆಯಬೇಡಿ, ಅರ್ಧ ಎತ್ತರದಲ್ಲಿ ಎಷ್ಟು ಅಗಲ ಇದೆಯೋ ಅದು ಲೆಕ್ಕ. ಬಾಯಿಗೆ ತಕ್ಕ ಬತ್ತಿ ಹಾಕಿದರೆ ಮೇಲೆ ಚೆನ್ನಾಗಿ ಉರಿದು, ಕೆಳಗೆ ಹೋದಂತೆ ಅತಿಯಾಗುತ್ತದೆ. ಅಗಲ 9 ಸೆಂ.ಮೀ. ದಾಟಿದರೆ ಒಂದು ದಪ್ಪ ಬತ್ತಿಗಿಂತ ಎರಡು ಸಣ್ಣವು ಮೇಲು.

ಪರೀಕ್ಷೆ ಹೀಗೆ. ಹೊಯ್ದು ಎರಡು ಮೂರು ದಿನ ಬಿಟ್ಟು, ಬತ್ತಿಯನ್ನು 5-6 ಮಿ.ಮೀ.ಗೆ ಕತ್ತರಿಸಿ, ತೂಕ ಮಾಡಿ, ಗಾಳಿಯಾಡದ ಕಡೆ ಹಚ್ಚಿ. ಅಗಲದ ಪ್ರತಿ 2.5 ಸೆಂ.ಮೀ.ಗೆ ಒಂದು ಗಂಟೆಯಂತೆ ಕಾದಾಗ ಕರಗಿದ ಕೊಳ ಗೋಡೆ ಮುಟ್ಟಿರಬೇಕು, ಆಳ 1 ಸೆಂ.ಮೀ. ಆಸುಪಾಸು ಇರಬೇಕು, ಜ್ವಾಲೆ 3-4 ಸೆಂ.ಮೀ. ದಾಟಬಾರದು. ಆರಿಸಿ ಮತ್ತೆ ತೂಗಿದರೆ ಗಂಟೆಗೆ ಎಷ್ಟು ಗ್ರಾಂ ಉರಿಯಿತು ತಿಳಿಯುತ್ತದೆ. ಲೋಟದ ಅಳತೆಗೆ 4-5 ಗ್ರಾಂ ಸರಿಯಾದ ಲೆಕ್ಕ, 113 ಗ್ರಾಂ ಮೇಣ ಇಪ್ಪತ್ತು ಗಂಟೆಯ ಮೇಲೆ ಬರುತ್ತದೆ. ಕೊಳ ಗೋಡೆ ಮುಟ್ಟದೆ ನಡುವೆ ಬಾವಿ ತೋಡಿದರೆ ಬತ್ತಿ ಸಣ್ಣದು. ತುದಿಯಲ್ಲಿ ಅಣಬೆಯಂತೆ ಕರಿ ಗಂಟು, ಕಂಠದಲ್ಲಿ ಮಸಿ, ಹಿಡಿಯಲಾಗದಷ್ಟು ಕಾದ ಗೋಡೆ ಇದ್ದರೆ ದೊಡ್ಡದು. ಮಸಿಗೆ ಮೇಣದ ಗುಣಮಟ್ಟವನ್ನು ಬೈಯುವವರು ಜಾಸ್ತಿ. ಉದ್ದ ಬಿಟ್ಟ ಬತ್ತಿ, ಮೇಲೆ ತಿರುಗುತ್ತಿರುವ ಫ್ಯಾನು ಇವೇ ನಿಜವಾದ ಕಾರಣ.

ಬಾವಿ ತೋಡಿಕೊಂಡದ್ದನ್ನು ಎಸೆಯಬೇಕಿಲ್ಲ. ಬಾಯಿಗೆ ಅಲ್ಯೂಮಿನಿಯಂ ಫಾಯಿಲಿನ ಉಂಗುರ ಮಾಡಿ, ನಡುವೆ ಮೂರು ಸೆಂ.ಮೀ. ಬಿಟ್ಟು ಮುಚ್ಚಿ, ಪಕ್ಕದಲ್ಲೇ ಕೂತು ಒಂದು ಗಂಟೆ ಉರಿಸಿದರೆ ಅಂಚಿನ ಮೇಣ ಇಳಿದು ಸಮವಾಗುತ್ತದೆ.

ಪಾವು

ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲಿ ಬಂದ ಮೇಲೆ ಸೇರು, ಅಚ್ಚೇರು, ಪಾವುಗಳಿಗೆ ಅಂಗಡಿಯ ಕೆಲಸ ತಪ್ಪಿತು. ಮನೆಗಳಲ್ಲಿ ಅಕ್ಕಿ ಅಳೆಯುತ್ತಾ ಉಳಿದುಕೊಂಡವು. ಗುಜರಿಯಲ್ಲಿ, ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರಿನಲ್ಲಿ ಸಿಗುವುದು ಎರಡು ಬಗೆ. ಎರಕದ ಹಿತ್ತಾಳೆಯದಾದರೆ ಲೋಟದ ವಿಧಾನವೇ. ಕಬ್ಬಿಣದ ತಗಡು ಸುತ್ತಿ, ರಿವೆಟ್ ಹೊಡೆದು, ಹಿತ್ತಾಳೆ ಪಟ್ಟಿ ಕಟ್ಟಿದ್ದಾದರೆ ಬೇರೆ ಕೆಲಸ ಇದೆ. ಅದು ಕಾಳು ಅಳೆಯಲು ಮಾಡಿದ್ದು, ದ್ರವ ಹಿಡಿಯಲು ಅಲ್ಲ, ಸೋಪುನೀರಿನ ಪರೀಕ್ಷೆಯಲ್ಲಿ ಪಾಸಾಗುವುದೇ ಅಪರೂಪ.

ಒಳಗಿನ ತುಕ್ಕನ್ನು 120ರ ಎಮೆರಿ ಕಾಗದದಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ತಳದ ಸುತ್ತಿನ ಸಂದಿ, ಗೋಡೆಯ ಉದ್ದ ಸಂದಿ, ಪ್ರತಿ ರಿವೆಟ್ಟಿನ ತಲೆ ಇವಕ್ಕೆ ಒಳಗಿನಿಂದ ಅದೇ ಆರ್‌ಟಿವಿ ಸಿಲಿಕೋನ್ ಸಣ್ಣ ಎಳೆಯಾಗಿ ಬಿಟ್ಟು, ಸೋಪುನೀರು ಮುಟ್ಟಿದ ಬೆರಳಿನಿಂದ ಒತ್ತಿ ಎಳೆಯಿರಿ. ಎಂ-ಸೀಲ್‌ನಂಥ ಗಟ್ಟಿ ಅಂಟಿಗಿಂತ ಇದು ವಾಸಿ. ತಗಡು ಬಿಸಿಗೆ ಹಿಗ್ಗಿ ಕುಗ್ಗುವಾಗ ಸಿಲಿಕೋನ್ ಜೊತೆಗೇ ಬಾಗುತ್ತದೆ, ಗಟ್ಟಿ ಅಂಟು ಸೀಳುತ್ತದೆ. 24 ಗಂಟೆ ಬಿಟ್ಟು ಮತ್ತೆ ಬಿಸಿ ಸೋಪುನೀರು. ಪಾಸಾದರೆ ಒರೆಸಿ ಒಣಗಿಸಿ, ಒಳಗೋಡೆಗೆ ಕರಗಿದ ಪ್ಯಾರಾಫಿನ್ ಬ್ರಷ್‌ನಲ್ಲಿ ತೆಳ್ಳಗೆ ಬಳಿದರೆ ಮತ್ತೆ ತುಕ್ಕು ಹಿಡಿಯುವುದಿಲ್ಲ. ಮೇಣ ಪ್ಯಾರಾಫಿನ್-ಜೆಲ್ಲಿಯದೇ, ಹೊಯ್ಯುವುದು 65 ಡಿಗ್ರಿಗೆ. ಬಿಸಿ ಹೆಚ್ಚಿದಷ್ಟೂ ಮೇಣ ನೀರಾಗಿ ಸಂದಿ ಹುಡುಕುತ್ತದೆ. ಉರಿಸುವಾಗ ಅಡಿಯಲ್ಲಿ ಅಂಚಿರುವ ತಟ್ಟೆ ಕಡ್ಡಾಯ.

ಪಿಂಗಾಣಿ ಕಪ್ಪು

ಉಗುರಿನಿಂದ ತಟ್ಟಿ. ‘ಟಣ್’ ಎಂದು ಗುಂಯ್‌ಗುಟ್ಟಿದರೆ ಸರಿ, ‘ಟಪ್’ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಚಹಾ ಬಣ್ಣ ಕುಡಿದ ಜಾಲರಿ ಗೆರೆಗಳು ಮೆರುಗಿನಲ್ಲಿ ಕಂಡರೆ ಬೇಡ. ಹಿಡಿಯನ್ನು ಯಾವತ್ತೋ ಅಂಟಿಸಿದ್ದಾದರೆ ಬಿಸಿಗೆ ಬಿಡುತ್ತದೆ, ಅದೂ ಎತ್ತಿದಾಗ.

ಇಲ್ಲಿ ಸೋಯಾ ಸೊಗಸು. ಕಡಿಮೆ ಬಿಸಿಯಲ್ಲಿ ಹೊಯ್ಯಬಹುದು, ಕುಗ್ಗುವುದು ಕಡಿಮೆ, ಪಿಂಗಾಣಿಗೆ ಕಿಲುಬಿನ ಗೊಡವೆ ಇಲ್ಲ. 150 ಗ್ರಾಂ ನೀರು ಹಿಡಿದ ಕಪ್ಪಿಗೆ ಸೋಯಾ ಮೇಣ 122 ಗ್ರಾಂ, ಸುಗಂಧ 7 ಗ್ರಾಂ. 80-85ಕ್ಕೆ ಕಾಯಿಸಿ, ಸುಗಂಧ ಬೆರೆಸಿ, 55-58ಕ್ಕೆ ಇಳಿದ ಮೇಲೆ ಬೆಚ್ಚಗಿನ ಕಪ್ಪಿಗೆ ಹೊಯ್ಯಿರಿ. ಫ್ಯಾನಿನ ಗಾಳಿಗೆ ಇಡದೆ ನಿಧಾನ ಆರಲಿ. ಮೇಲೆ ಒರಟಾದರೆ ಹೇರ್ ಡ್ರೈಯರ್ ಆಡಿಸಿದರೆ ಸಮವಾಗುತ್ತದೆ. ಬೂದಿ ಬಡಿದಂತೆ ಬಿಳಿ ಹರಳು ಕಾಣುವುದು ಸೋಯಾದ ಸ್ವಭಾವ, ಬಣ್ಣ ಹಾಕದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಪರಿಮಳ ಪೂರ್ತಿ ಬರಲು ಒಂದೆರಡು ವಾರ ಮುಚ್ಚಿಡಬೇಕು.

ಪಾತ್ರೆಯಲ್ಲಿ ಉರಿಯುವ ಸೋಯಾ ಮೇಣಗಳಲ್ಲಿ ಹಲವು 45-50 ಡಿಗ್ರಿಗೇ ಕರಗುತ್ತವೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಿಟಕಿಯ ಪಕ್ಕ ಇಟ್ಟ ಕಪ್ಪಿನ ಮೇಣ ಬೆಣ್ಣೆಯಂತಾಗುತ್ತದೆ, ಬತ್ತಿ ವಾಲುತ್ತದೆ. ಆ ಕಡೆಗೆ ಕಳಿಸುವುದಾದರೆ ಪ್ಯಾರಾಫಿನ್ ಬೆರೆತ ಗಟ್ಟಿ ಮೇಣ ಆರಿಸಿ.

ತೆಳು ಪಿಂಗಾಣಿಯಲ್ಲಿ ಬತ್ತಿ ನಟ್ಟನಡುವೆ ಇರಲೇಬೇಕು. ಅರ್ಧ ಸೆಂ.ಮೀ. ಸರಿದರೂ ಜ್ವಾಲೆ ಒಂದೇ ಕಡೆ ಕಾಯಿಸುತ್ತದೆ, ಬಿರುಕು ಅಲ್ಲೇ ಶುರು. ತಳದಲ್ಲಿ 1.5 ಸೆಂ.ಮೀ. ಮೇಣ ಉಳಿದಾಗ ಆರಿಸಿ ಮುಗಿಸಿ. ಒಣ ಹೂವು, ಕಾಫಿ ಬೀಜ, ದಾಲ್ಚಿನ್ನಿ ಚಕ್ಕೆ ಮೇಲೆ ಚೆಲ್ಲಿದ ಚಿತ್ರಗಳು ಎಲ್ಲೆಡೆ ಕಾಣುತ್ತವೆ. ಅವೆಲ್ಲ ಮೇಣ ಹೀರಿ ಎರಡನೇ ಬತ್ತಿಗಳಾಗುತ್ತವೆ.

ಪಡ್ಡಿನ ಹಂಚು

ನೀರಿನಲ್ಲಿ ತೇಲುವ ದೀಪಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚು ಕೊಂಡರೂ ಸಿಗದು. 4 ಸೆಂ.ಮೀ. ಅಗಲದ ಅರ್ಧಗೋಳದ ಗುಳಿಗೆ ಸುಮಾರು 15 ಗ್ರಾಂ ಮೇಣ, ಏಳು ಗುಳಿಗೆ 105 ಗ್ರಾಂ. ಇಲ್ಲಿ ಮೇಣ ಕುಗ್ಗಬೇಕು, ಕುಗ್ಗಿದರೇ ಅಚ್ಚು ಬಿಡುವುದು. ಆದ್ದರಿಂದ ಜೆಲ್ಲಿ ಬೇಡ, ಪ್ಯಾರಾಫಿನ್ 95 ಗ್ರಾಂ, ಸ್ಟಿಯರಿಕ್ ಆಮ್ಲ 10 ಗ್ರಾಂ. ವರ್ಷಗಟ್ಟಲೆ ಎಣ್ಣೆ ಕುಡಿದ ಬೀಡು ಕಬ್ಬಿಣಕ್ಕೆ ಬೇರೆ ಏನೂ ಸವರಬೇಕಿಲ್ಲ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಂಚನ್ನು 50 ಡಿಗ್ರಿಗೆ ಬೆಚ್ಚಗೆ ಮಾಡಿ, 75ರ ಮೇಣ ಅಂಚಿಗೆ ಒಂದು ಕೂದಲು ಕೆಳಗೆ ನಿಲ್ಲುವಂತೆ ಹೊಯ್ಯಿರಿ. ನಡುವೆ ಬೀಳುವ ಕುಳಿಯನ್ನು ಇಲ್ಲಿ ತುಂಬಬಾರದು. ಮೇಣದ ಸಾಂದ್ರತೆ 0.9, ಹಾಗಾಗಿ ತೇಲುವ ಅರ್ಧಗೋಳದ ಹತ್ತರಲ್ಲೊಂದು ಪಾಲು ಮಾತ್ರ ನೀರಿನ ಮೇಲೆ. ಎತ್ತರದ ಲೆಕ್ಕದಲ್ಲಿ ಸುಮಾರು 1.3 ಮಿ.ಮೀ. ಅಷ್ಟೇ. ಆ ಕುಳಿಯೇ ಕರಗಿದ ಮೇಣವನ್ನು ಹಿಡಿದಿಡುವ ಬಟ್ಟಲು. ತುಂಬಿ ಸಪಾಟು ಮಾಡಿದರೆ ಮೇಣ ಅಂಚು ದಾಟಿ ನೀರಿಗೆ ಹರಿಯುತ್ತದೆ, ನೀರು ಒಳಗೆ ಬಂದು ಬತ್ತಿ ಚಟಗುಟ್ಟಿ ಆರುತ್ತದೆ.

ಎರಡು ಗಂಟೆಯ ನಂತರ ಹಂಚನ್ನು ಬೋರಲು ಹಾಕಿ ಮರದ ಸೌಟಿನಿಂದ ಬೆನ್ನು ತಟ್ಟಿ. ಬಿಡದಿದ್ದರೆ ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ಮತ್ತೆ ತಟ್ಟಿ. ಫ್ರೀಜರಿನಲ್ಲಿಟ್ಟರೆ ಮೇಣದೊಳಗೆ ನಕ್ಷತ್ರದಂತೆ ಸೀಳುತ್ತದೆ. ಚಾಕು ಹಾಕಿ ಎಬ್ಬಿದರೆ ಹಂಚಿನ ಎಣ್ಣೆಪದರ ಹೋಗಿ ಮುಂದಿನ ಸಲ ಇನ್ನೂ ಅಂಟುತ್ತದೆ.

ಗುಂಡು ತಳದ ಗುಳಿಯಲ್ಲಿ ಬಿಲ್ಲೆ ಕೂರುವುದಿಲ್ಲ, ಬತ್ತಿ ಹಾಕುವುದು ಅಚ್ಚಿನಿಂದ ತೆಗೆದ ಮೇಲೆ. ಸ್ವೆಟರ್ ಹೆಣೆಯುವ 2 ಮಿ.ಮೀ. ಕಡ್ಡಿಯನ್ನು ಬಿಸಿ ಮಾಡಿ ತಳದಿಂದ ಮೇಲಕ್ಕೆ ತೂತು ಹಾಕಿ, ಮೇಣ ಕುಡಿಸಿದ ಸಣ್ಣ ಬತ್ತಿಯನ್ನು ಕೆಳಗಿನಿಂದ ತೂರಿಸಿ, ಬಿಲ್ಲೆಯನ್ನು ತಳಕ್ಕೆ ಒತ್ತಿ, ಸುತ್ತ ಎರಡು ಹನಿ ಮೇಣ ಬಿಟ್ಟು ಮುಚ್ಚಿ. ಈ ಮುಚ್ಚುವಿಕೆ ಬಿಟ್ಟರೆ ಬತ್ತಿ ಅಡಿಯಿಂದ ನೀರು ಹೀರುತ್ತದೆ. ಬತ್ತಿ ಸಣ್ಣದೇ ಇರಲಿ. ಸುತ್ತಲಿನ ನೀರು ಅಂಚನ್ನು ತಂಪಾಗಿಡುವುದರಿಂದ ಎರಡು ಮೂರು ಮಿ.ಮೀ. ಗೋಡೆ ಕರಗದೆ ಉಳಿಯುತ್ತದೆ, ದೀಪ ತೇಲುವುದು ಆ ಗೋಡೆಯ ಬಲದಲ್ಲಿ. ಉರುಳಿಯಲ್ಲಿ ಬಿಟ್ಟರೆ ಎರಡರಿಂದ ಮೂರು ಗಂಟೆ ಬರುತ್ತದೆ, ಫ್ಯಾನು ಹಾಕಬೇಡಿ.

ಮತ್ತೆ ತುಂಬುವಾಗ

ಲೋಟ ಮುಗಿದ ಮೇಲೆ ಅದನ್ನು 70 ಡಿಗ್ರಿ ನೀರಿರುವ ಬೋಗುಣಿಯಲ್ಲಿ, ನೀರು ಒಳಗೆ ನುಗ್ಗದಂತೆ ನಿಲ್ಲಿಸಿ. ತಳದ ಮೇಣ ಕರಗಿದೊಡನೆ ಫಿಲ್ಟರಿನ ತೂತಿನ ಅರ್ಧದ ಮೂಲಕ ಸೋಸಿ ತೆಗೆದುಕೊಳ್ಳಿ, ಒಳಗನ್ನು ಪೇಪರಿನಲ್ಲಿ ಒರೆಸಿ, ಬಿಲ್ಲೆಯನ್ನು ಅಗಲ ಮೊಂಡು ಚಾಕುವಿನಿಂದ ಎಬ್ಬಿಸಿ. ಕಲಾಯಿ ಇದ್ದರೆ ಗೀರದಂತೆ ಜೋಕೆ. ಸೋಪು, ನೀರು ಆಮೇಲೆ. ಮೇಣ ಬೆರೆತ ಬಿಸಿನೀರನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನ ಮೊದಲ ತಿರುವಿನಲ್ಲೇ ಹೆಪ್ಪುಗಟ್ಟುತ್ತದೆ. ಬಕೆಟ್ಟಿನಲ್ಲಿ ಆರಲು ಬಿಟ್ಟರೆ ಮೇಣ ಮೇಲೆ ಬಿಲ್ಲೆಯಾಗಿ ನಿಲ್ಲುತ್ತದೆ, ಎತ್ತಿ ಒರೆಸಿ ಪೂರ್ತಿ ಒಣಗಿಸಿದರೆ ಮುಂದಿನ ಪಾವಿಗೆ ಬಂತು. ಸುಗಂಧ ಬೆರೆತ ಹಳೇ ಮೇಣವನ್ನು ಹೊಸದರ ಕಾಲು ಭಾಗಕ್ಕಿಂತ ಹೆಚ್ಚು ಸೇರಿಸಬೇಡಿ. ಸೇರಿಸಿದ ಮೇಲೆ ಬತ್ತಿಯ ಪರೀಕ್ಷೆ ಮತ್ತೆ ಮಾಡಬೇಕು, ಮೇಣ ಬದಲಾದರೆ ಬತ್ತಿಯ ಲೆಕ್ಕವೂ ಬದಲು.